ಪ್ಯಾಚ್ ಕಳಿಸುವ ಮುಂಚೆ: ಕೋಡ್ ಶೈಲಿ, ಕಮಿಟ್ ಸಂದೇಶ, ರಿವ್ಯೂ ನಡವಳಿಕೆ

ಒಂದು ಮುಕ್ತ ತಂತ್ರಾಂಶ ಪ್ರಾಜೆಕ್ಟಿಗೆ ನಾನು ಕಳಿಸಿದ ಮೊದಲ ಪ್ಯಾಚ್‌ನಲ್ಲಿ (ಅಂದರೆ ಕೋಡಿಗೆ ಮಾಡಿದ ಬದಲಾವಣೆಯಲ್ಲಿ) ನಿಜವಾಗಿ ಬದಲಾಗಿದ್ದು ಒಂದೇ ಒಂದು ಸಾಲು. ಒಂದು ಲೂಪ್ ಒಂದು ಸುತ್ತು ಜಾಸ್ತಿ ತಿರುಗುತ್ತಿತ್ತು. ಹೋಲಿಕೆಯ ಚಿಹ್ನೆಯ ಪಕ್ಕದಲ್ಲಿದ್ದ ಸಮ ಚಿಹ್ನೆಯನ್ನು ತೆಗೆದಿದ್ದೆ, ಅಷ್ಟೆ. ಆದರೆ ಹಳೆಯ ಕೋಡಿಗೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ 400ಕ್ಕೂ ಹೆಚ್ಚು ಸಾಲು ಕೆಂಪು (ತೆಗೆದದ್ದು), ಅಷ್ಟೇ ಸಾಲು ಹಸಿರು (ಸೇರಿಸಿದ್ದು). ಫೈಲ್ ಸೇವ್ ಆಗುವಾಗ ನನ್ನ ಎಡಿಟರ್ ಅಲ್ಲಿದ್ದ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತ್ತು. ನಾನು ಡಿಫ್ ನೋಡದೆ ಕಳಿಸಿದ್ದೆ. ಎರಡು ದಿನ ಬಿಟ್ಟು ಮೇಂಟೇನರ್, ಅಂದರೆ ಆ ಕೋಡನ್ನು ನೋಡಿಕೊಳ್ಳುವವರು, ಉತ್ತರಿಸಿದರು: ಬದಲಾವಣೆ ಎಲ್ಲಿದೆ ಅಂತ ಸಿಗಲಿಲ್ಲ, ಆ ಜಾಗವನ್ನು ಮಾತ್ರ ತಿದ್ದಿ ಮತ್ತೆ ಕಳಿಸ್ತೀರಾ?

ಪ್ಯಾಚ್ ಅಂದರೆ ಇನ್ನೊಬ್ಬರು ಕೂತು ಓದಬೇಕಾದ ಬರಹ ಅಂತ ನನಗೆ ಹೊಳೆದಿದ್ದು ಆವತ್ತು. ಸಿ ಕಂಪೈಲರ್‌ಗೆ ಟ್ಯಾಬ್ ಆದರೂ ಒಂದೇ, ಸ್ಪೇಸ್ ಆದರೂ ಒಂದೇ. ಓದುವ ಮನುಷ್ಯರಿಗೆ ಹಾಗಲ್ಲ. ಎಷ್ಟೋ ಸಲ ಅವರು ದಿನದ ಕೆಲಸ ಮುಗಿಸಿ ರಾತ್ರಿ ಕೂತು ಓದುತ್ತಿರುತ್ತಾರೆ. ನಿಮ್ಮ ಕೋಡ್ ಸೇರಿದ ಮೇಲೆ ವರ್ಷಗಟ್ಟಲೆ ಅದನ್ನು ನೋಡಿಕೊಳ್ಳುವವರೂ ಅವರೇ. ಶೈಲಿಯ ನಿಯಮ, ಪ್ಯಾಚ್ ಕಳಿಸುವ ರೀತಿ ಎಲ್ಲ ಇರುವುದು ಅವರ ಓದು ಸುಲಭವಾಗಲಿ ಅಂತ.

ಕೆಳಗಿನ ಹೆಜ್ಜೆಗಳಿಗೆ ನಾನು ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಉದಾಹರಣೆಯನ್ನೇ ಜಾಸ್ತಿ ತೆಗೆದುಕೊಂಡಿದ್ದೇನೆ. ಅಲ್ಲಿ ನಿಯಮಗಳನ್ನು ಬರೆದಿಟ್ಟಿದ್ದಾರೆ, ಬಹುಪಾಲು ಕಾರಣದ ಸಮೇತ. ಆ ಕಾರಣಗಳು ಅರ್ಥವಾದರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ಹೊಂದಿಕೊಳ್ಳುವುದು ಕಷ್ಟವಲ್ಲ.

ಹೆಜ್ಜೆ 1: ಆ ಮನೆಯ ರೀತಿ ನೋಡಿ

ಕೋಡ್ ಮುಟ್ಟುವ ಮೊದಲು ಪ್ರಾಜೆಕ್ಟಿನಲ್ಲಿ ಎರಡು ಕಡತ ಹುಡುಕಿ. ಒಂದು, ಕೋಡ್ ಹೇಗೆ ಬರೆಯಬೇಕು ಅಂತ ಹೇಳುವುದು. ಇನ್ನೊಂದು, ಬದಲಾವಣೆ ಹೇಗೆ ಕಳಿಸಬೇಕು ಅಂತ ಹೇಳುವುದು. ಗಿಟ್‌ಹಬ್‌ನಲ್ಲಿರುವ ಪ್ರಾಜೆಕ್ಟ್‌ಗಳಲ್ಲಿ ಎರಡನೆಯದರ ಹೆಸರು ಸಾಮಾನ್ಯವಾಗಿ 'ಕಾಂಟ್ರಿಬ್ಯೂಟಿಂಗ್' ಅಂತ ಇರುತ್ತದೆ. ಕರ್ನಲ್‌ನಲ್ಲಿ ಎರಡೂ ಡಾಕ್ಯುಮೆಂಟೇಶನ್ ಫೋಲ್ಡರ್‌ನಲ್ಲಿವೆ.

ಸಿ ಭಾಷೆ ಒಂದೇ ಆದರೂ ಮನೆಗೊಂದು ರೀತಿ ಇದೆ. ಕರ್ನಲ್‌ನಲ್ಲಿ ಇಂಡೆಂಟ್ (ಸಾಲಿನ ಮೊದಲು ಬಿಡುವ ಜಾಗ) ಅಂದರೆ ಟ್ಯಾಬ್, ಒಂದು ಟ್ಯಾಬ್ ಅಂದರೆ 8 ಅಕ್ಷರದ ಅಗಲ. ಇನ್ನೊಂದು ಮುಕ್ತ ತಂತ್ರಾಂಶ ಪ್ರಾಜೆಕ್ಟಾದ ಗ್ನೂ ಶೈಲಿಯಲ್ಲಿ ಇಂಡೆಂಟ್ 2 ಅಕ್ಷರ. ಕರ್ನಲ್‌ನಲ್ಲಿ 'ಇಫ್' ಸಾಲಿನ ಕೊನೆಯಲ್ಲೇ ಬ್ರೇಸ್ (ಸುರುಳಿ ಕಂಸ) ತೆರೆಯಬೇಕು, ಫಂಕ್ಷನ್ ಆದರೆ ಮುಂದಿನ ಸಾಲಿನಲ್ಲಿ. ಗ್ನೂ ಶೈಲಿಯಲ್ಲಿ ಬ್ರೇಸ್‌ಗೆ ಯಾವಾಗಲೂ ಅದರದೇ ಸಾಲು. ಪೈಥಾನ್‌ ಭಾಷೆಗೆ 2001ರಲ್ಲಿ ಬಂದ ಪೆಪ್ 8 ಅನ್ನುವ ಶೈಲಿ ಕೈಪಿಡಿ ಇದೆ: 4 ಸ್ಪೇಸ್, ಸಾಲಿಗೆ 79 ಅಕ್ಷರ. ಆದರೆ ಪ್ರಾಜೆಕ್ಟಿಗೆ ತನ್ನದೇ ನಿಯಮ ಇದ್ದರೆ ಅದೇ ಮೊದಲು ಅಂತ ಪೆಪ್ 8 ತಾನೇ ಹೇಳುತ್ತದೆ.

8 ಅಕ್ಷರ ಜಾಸ್ತಿ ಆಯ್ತಲ್ಲ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಕಾರಣ ಓದಿದ ಮೇಲೆ ಒಪ್ಪಿದೆ. ಗಂಟೆಗಟ್ಟಲೆ ಪರದೆ ನೋಡಿ ಕಣ್ಣು ಸೋತಾಗ ಯಾವ ಸಾಲು ಯಾವ ಬ್ಲಾಕಿನೊಳಗಿದೆ ಅಂತ ಥಟ್ಟನೆ ಕಾಣಬೇಕು. ಅಗಲವಾದ ಇಂಡೆಂಟ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೂರು ಹಂತಕ್ಕಿಂತ ಒಳಗೆ ಹೋದರೆ ಸಾಲು ಬಲಕ್ಕೆ ಒತ್ತಿಕೊಂಡು ಹೋಗುತ್ತದೆ, ಆಗ ಫಂಕ್ಷನ್ ಒಡೆಯಲೇಬೇಕಾಗುತ್ತದೆ.

ಸಾಲಿನ ಉದ್ದದ ಮಿತಿಯನ್ನೂ ನೋಡಿ. ಕರ್ನಲ್ ಇಂದಿಗೂ ಇಷ್ಟಪಡುವುದು 80 ಅಕ್ಷರವನ್ನು. 2020ರಲ್ಲಿ ಅಲ್ಲಿನ ತಪಾಸಣೆ ಸ್ಕ್ರಿಪ್ಟ್ ಎಚ್ಚರಿಸುವ ಮಿತಿಯನ್ನು 100ಕ್ಕೆ ಏರಿಸಿದರು. ಇದಕ್ಕೊಂದು ವಿನಾಯಿತಿ ಇದೆ, ಅದು ನನಗೆ ತುಂಬಾ ಇಷ್ಟ. ಬಳಕೆದಾರರಿಗೆ ಕಾಣುವ ಸಂದೇಶವನ್ನು, ಎಷ್ಟೇ ಉದ್ದವಿರಲಿ, ಎರಡು ಸಾಲಿಗೆ ಒಡೆಯಬಾರದು. ಯಾಕೆ? ಯಾರೋ ತಮ್ಮ ಪರದೆಯಲ್ಲಿ ಆ ದೋಷದ ಸಂದೇಶ ನೋಡಿ, ಅದನ್ನೇ ಕೋಡ್‌ನಲ್ಲಿ ಗ್ರೆಪ್ ಅನ್ನುವ ಆದೇಶದಿಂದ ಹುಡುಕುತ್ತಾರೆ. ಒಡೆದಿದ್ದರೆ ಸಿಗುವುದಿಲ್ಲ.

ನಿಯಮದ ಕಡತವೇ ಇಲ್ಲದಿದ್ದರೆ ನೀವು ತಿದ್ದುತ್ತಿರುವ ಫೈಲನ್ನು ಮೇಲಿಂದ ಕೆಳಗೆ ಒಮ್ಮೆ ಓದಿ. ಅದು ಹೇಗಿದೆಯೋ ಹಾಗೇ ಬರೆಯಿರಿ.

ಹೆಜ್ಜೆ 2: ಎಡಿಟರ್ ಹದಕ್ಕೆ ತನ್ನಿ

ಪ್ರಾಜೆಕ್ಟಿನ ಮೂಲ ಫೋಲ್ಡರ್‌ನಲ್ಲಿ, ಟ್ಯಾಬೋ ಸ್ಪೇಸೋ ಅಂತ ಎಡಿಟರ್‌ಗೆ ಹೇಳುವ 'ಎಡಿಟರ್‌ಕಾನ್ಫಿಗ್' ಕಡತ ಇದ್ದರೆ ನಿಮ್ಮ ಎಡಿಟರ್ ಅದನ್ನು ಓದುತ್ತಿದೆಯೇ ನೋಡಿ. ಕೆಲವು ಎಡಿಟರ್‌ಗಳಿಗೆ ಅದಕ್ಕಾಗಿ ಪ್ಲಗಿನ್ ಬೇಕು. ಸೇವ್ ಮಾಡುವಾಗ ಇಡೀ ಫೈಲನ್ನು ತಾನಾಗಿ ಫಾರ್ಮ್ಯಾಟ್ ಮಾಡುವ ಆಯ್ಕೆಯನ್ನು, ಪ್ರಾಜೆಕ್ಟ್ ತಾನೇ ಫಾರ್ಮ್ಯಾಟರ್ ಬಳಸದಿದ್ದರೆ, ಆಫ್ ಮಾಡಿಬಿಡಿ. ನನ್ನ 400 ಸಾಲು ಬಂದಿದ್ದು ಅದರಿಂದಲೇ.

ಕರ್ನಲ್‌ಗೆ ಶೈಲಿ ತಪಾಸಣೆ ಮಾಡುವ 'ಚೆಕ್‌ಪ್ಯಾಚ್' ಅನ್ನುವ ಸ್ಕ್ರಿಪ್ಟ್ ಇದೆ. ಕಳಿಸುವ ಮುಂಚೆ ಪ್ರತಿ ಪ್ಯಾಚನ್ನೂ ಅದರ ಮೂಲಕ ಹಾಯಿಸಿ. ಆದರೆ ಅದು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಪಾಲಿಸಬೇಡಿ. ಸಾಲು ಒಡೆದರೆ ಓದುವುದು ಕಷ್ಟವಾಗುತ್ತದೆ ಅನ್ನಿಸಿದರೆ ಒಡೆಯದೆ ಬಿಡಿ. ಚೆಕ್‌ಪ್ಯಾಚ್ ದಾರಿ ತೋರಿಸುವುದಕ್ಕೆ, ತೀರ್ಮಾನ ಮನುಷ್ಯರದ್ದೇ ಅಂತ ಕರ್ನಲ್‌ನ ದಾಖಲೆಯೇ ಹೇಳುತ್ತದೆ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಹಳೆಯ ಫೈಲ್ ಮೇಲೆ ಚೆಕ್‌ಪ್ಯಾಚ್ ಓಡಿಸಿ, ಬಂದ ಎಚ್ಚರಿಕೆಗಳನ್ನೆಲ್ಲ ತಿದ್ದಿ, ಅದನ್ನೇ ಪ್ಯಾಚ್ ಮಾಡಿ ಕಳಿಸುವುದು. ಇನ್ನೂ ಹದಕ್ಕೆ ಬರದ ಡ್ರೈವರ್‌ಗಳ 'ಸ್ಟೇಜಿಂಗ್' ಫೋಲ್ಡರ್‌ನಲ್ಲಿ ಇಂಥ ಕೆಲಸಕ್ಕೆ ಸ್ವಾಗತ ಇದೆ. ಎಷ್ಟೋ ಜನ ಮೊದಲ ಪ್ಯಾಚ್ ಕಳಿಸುವುದು ಅಲ್ಲೇ. ಬೇರೆ ಕಡೆ, ಚೆನ್ನಾಗಿ ಓಡುತ್ತಿರುವ ಕೋಡಿಗೆ ಸುಮ್ನೆ ಸ್ಪೇಸ್ ತಿದ್ದುವ ಪ್ಯಾಚ್ ಬಂದರೆ ಮೇಂಟೇನರ್‌ಗೆ ಕೆಲಸ ಹೆಚ್ಚುತ್ತದೆ. ಅದೇ ಸಾಲುಗಳ ಮೇಲೆ ಬೇರೆಯವರು ಕಳಿಸಿದ ಪ್ಯಾಚ್‌ಗಳು ಹೊಂದದೆ ಹೋಗುತ್ತವೆ.

ಹೆಜ್ಜೆ 3: ಒಂದು ಪ್ಯಾಚ್, ಒಂದು ಕೆಲಸ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಒಂದು ಬಗ್ ಹಿಡಿದು ಒಳಗೆ ಹೋಗುತ್ತೀರಿ. ದಾರಿಯಲ್ಲಿ ವೇರಿಯಬಲ್ ಒಂದರ ಹೆಸರು ಸರಿ ಇಲ್ಲ ಅನ್ನಿಸುತ್ತದೆ, ಬದಲಿಸುತ್ತೀರಿ. ಕಾಮೆಂಟ್‌ನಲ್ಲಿ ಕಾಗುಣಿತ ತಪ್ಪಿದೆ, ತಿದ್ದುತ್ತೀರಿ. ಸಂಜೆಗೆ ಮೂರೂ ಒಂದೇ ಕಮಿಟ್‌ನಲ್ಲಿ (ಕೋಡಿನ ಇತಿಹಾಸ ಕಾಯುವ ಗಿಟ್ ಒಟ್ಟಿಗೆ ದಾಖಲಿಸುವ ಬದಲಾವಣೆಯಲ್ಲಿ) ಕೂತಿರುತ್ತವೆ.

ಓದುವವರು ಈಗ ಪ್ರತಿ ಸಾಲಿಗೂ ಯೋಚಿಸಬೇಕು: ಇದು ಬಗ್‌ಗೆ ಸೇರಿದ್ದೋ, ಹೆಸರು ಬದಲಿಸಿದ್ದೋ? ಹೆಸರು ಬದಲಾದ 30 ಸಾಲುಗಳ ನಡುವೆ ನಡೆ ಬದಲಾದ ಒಂದು ಸಾಲು ಕಣ್ತಪ್ಪಿ ಹೋಗುತ್ತದೆ. ಮೂರರಲ್ಲಿ ಒಂದು ಬೇಡ ಅನ್ನಿಸಿದರೆ ಮೂರೂ ವಾಪಸ್ ಬರುತ್ತವೆ.

ಇದನ್ನು ಮೂರು ಪ್ಯಾಚ್‌ಗಳ ಸರಣಿ ಮಾಡಿ. ಮೊದಲು ಬಗ್. ಅದು ಹಳೆಯ ಆವೃತ್ತಿಗಳಿಗೂ ಹೋಗಬೇಕಾಗಬಹುದು, ಬೇರೆ ಯಾವುದನ್ನೂ ನೆಚ್ಚಿಕೊಂಡಿರಬಾರದು. ಆಮೇಲೆ ಹೆಸರು. ಕೊನೆಗೆ ಕಾಮೆಂಟ್. ಈಗಾಗಲೇ ಎಲ್ಲ ಕಲೆಸಿಹೋಗಿದ್ದರೂ ಚಿಂತೆ ಇಲ್ಲ. 'ಗಿಟ್ ಆ್ಯಡ್' ಆದೇಶಕ್ಕೆ 'ಪಿ' ಆಯ್ಕೆ ಕೊಟ್ಟರೆ ಅದು ಒಂದೊಂದು ತುಂಡನ್ನೂ ತೋರಿಸಿ, ಸೇರಿಸಲೇ ಬೇಡವೇ ಅಂತ ಕೇಳುತ್ತದೆ. ಹಾಗೆ ಒಂದೊಂದಾಗಿ ಕುಳಿತು ಬಿಡಿಸುವಾಗ, ಡೀಬಗ್ ಮಾಡಲು ಹಾಕಿ ಮರೆತಿದ್ದ ಪ್ರಿಂಟ್ ಸಾಲುಗಳೂ ಸಿಗುತ್ತವೆ.

ಸರಣಿಯ ಪ್ರತಿ ಪ್ಯಾಚ್ ನಂತರವೂ ಕೋಡ್ ಬಿಲ್ಡ್ ಆಗಬೇಕು, ಓಡಬೇಕು. ಮೂರನೆಯದು ಸೇರಿದ ಮೇಲೆ ಸರಿಹೋಗುತ್ತೆ ಅನ್ನುವ ಹಾಗಿಲ್ಲ. ಇದಕ್ಕೆ ಕಾರಣ 'ಗಿಟ್ ಬೈಸೆಕ್ಟ್'. ಎಲ್ಲೋ ಒಂದು ಕಡೆ ಕೆಟ್ಟಿದೆ, ಯಾವ ಕಮಿಟ್‌ನಿಂದ ಅಂತ ಗೊತ್ತಿಲ್ಲ. ಬೈಸೆಕ್ಟ್ ನಡುವಿನದನ್ನು ತೆಗೆದು ಪರೀಕ್ಷಿಸಿ ಅನ್ನುತ್ತದೆ, ಆಮೇಲೆ ಉಳಿದರ್ಧದ ನಡುವಿನದು, ಹೀಗೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಪರೀಕ್ಷೆಯಲ್ಲಿ ತಪ್ಪಿನ ಬುಡ ಸಿಗುತ್ತದೆ. ಆದರೆ ಆ ನಡುವಿನ ಕಮಿಟ್ ನಿಮ್ಮದಾಗಿದ್ದು, ಬಿಲ್ಡೇ ಆಗದಿದ್ದರೆ? ಹುಡುಕುವವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಹೆಜ್ಜೆ 4: ಕಮಿಟ್ ಸಂದೇಶ

'ಬಗ್ ಸರಿಮಾಡಿದೆ' ಅಂತ ಬರೆದ ಕಮಿಟ್ ಸಂದೇಶವನ್ನು ಎರಡು ವರ್ಷ ಬಿಟ್ಟು ನೀವೇ ಓದಿದರೂ ಏನೂ ತಿಳಿಯುವುದಿಲ್ಲ. ಕರ್ನಲ್ ರೀತಿಯ ಸಂದೇಶ ಹೇಗಿರುತ್ತದೆ ಅಂತ ತೋರಿಸಲು ಒಂದನ್ನು ಕನ್ನಡದಲ್ಲೇ ಕಟ್ಟಿದ್ದೇನೆ. ಅಲ್ಲಿಗೆ ಕಳಿಸುವಾಗ ಇಂಗ್ಲಿಷಿನಲ್ಲಿ ಬರೆಯಬೇಕು, ಆದರೆ ಆಕಾರ ಇದೇ:

ಯುಎಸ್‌ಬಿ: ಸೀರಿಯಲ್: ಕೇಬಲ್ ಕಿತ್ತಾಗಲೂ ಬಫರ್ ಬಿಡುಗಡೆ ಮಾಡು

ಪೋರ್ಟ್ ತೆರೆದಿರುವಾಗಲೇ ಕೇಬಲ್ ಕಿತ್ತರೆ ಓದುವ ಬಫರ್ ಮೆಮೊರಿಯಲ್ಲೇ ಉಳಿಯುತ್ತದೆ. ಬಫರನ್ನು ಬಿಡುವ ಕೋಡ್ ಇರುವುದು ಮುಚ್ಚುವ ಫಂಕ್ಷನ್‌ನಲ್ಲಿ ಮಾತ್ರ. ಕೇಬಲ್ ಕಿತ್ತಾಗ ಅದು ಓಡುವುದಿಲ್ಲ. ಕಿತ್ತಾಗ ಓಡುವ ಫಂಕ್ಷನ್‌ನಲ್ಲೂ ಬಫರ್ ಬಿಡುಗಡೆ ಮಾಡು.

ಮೊದಲ ಸಾಲಿನಲ್ಲಿ ಯಾವ ಭಾಗ, ಏನು ಬದಲಾವಣೆ. 75 ಅಕ್ಷರದೊಳಗೆ ಮುಗಿಸಿ. ಆಮೇಲೆ ಒಂದು ಖಾಲಿ ಸಾಲು. ಆಮೇಲೆ ಬಳಕೆದಾರರಿಗೆ ಏನು ತೊಂದರೆ ಕಾಣುತ್ತಿತ್ತು, ಯಾಕೆ ಹಾಗಾಗುತ್ತಿತ್ತು, ಈಗ ಏನು ಮಾಡಬೇಕು. 'ಮಾಡು' ಅಂತ ಆಜ್ಞೆಯ ರೂಪದಲ್ಲಿ ಬರೆಯುವುದು ಅಲ್ಲಿನ ವಾಡಿಕೆ, ಕೋಡಿಗೆ ನೀವೇ ಹೇಳುತ್ತಿರುವ ಹಾಗೆ. ಏನು ಬದಲಾಯಿತು ಅನ್ನುವುದು ಡಿಫ್ ನೋಡಿದರೆ ಕಾಣುತ್ತದೆ. ಯಾಕೆ ಅನ್ನುವುದು ಅಲ್ಲಿ ಕಾಣುವುದಿಲ್ಲ. ಹಾಗಾಗಿ ಸಂದೇಶದ ಬಹುಪಾಲನ್ನು ಆ 'ಯಾಕೆ'ಗೆ ಕೊಡಿ. ಎರಡು ಸಾಲಿನ ಬದಲಾವಣೆಗೆ 20 ಸಾಲಿನ ವಿವರಣೆ ಇರುವ ಕಮಿಟ್‌ಗಳು ಕರ್ನಲ್‌ನಲ್ಲಿ ಬೇಕಾದಷ್ಟಿವೆ. ಬಿಡುವಾದಾಗ ನಾಲ್ಕಾರು ತೆರೆದು ಓದಿ, ಬರೆಯುವುದು ಬೇಗ ಬರುತ್ತದೆ.

ಹಳೆಯ ಕಮಿಟ್ ಒಂದು ತಂದಿಟ್ಟ ತಪ್ಪನ್ನು ನೀವು ತಿದ್ದುತ್ತಿದ್ದರೆ 'ಫಿಕ್ಸಸ್' ಅನ್ನುವ ಸಾಲು ಸೇರಿಸಿ. ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ, ಅದರ ಶೀರ್ಷಿಕೆ ಅಲ್ಲಿರಬೇಕು. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಈ ತಿದ್ದುಪಡಿ ಎಲ್ಲೆಲ್ಲಿ ಬೇಕು ಅಂತ ಗೊತ್ತಾಗುವುದು ಆ ಸಾಲಿನಿಂದ.

ಹೆಜ್ಜೆ 5: ಸಹಿ

ಕರ್ನಲ್‌ಗೆ ಹೋಗುವ ಪ್ರತಿ ಪ್ಯಾಚ್‌ನ ಕೊನೆಯಲ್ಲೂ 'ಸೈನ್ಡ್ ಆಫ್ ಬೈ' ಅಂತ ಒಂದು ಸಾಲು, ಅದರಲ್ಲಿ ನಿಮ್ಮ ಹೆಸರು, ಇಮೇಲ್. ಇದು ಬರೀ ಶಿಷ್ಟಾಚಾರ ಅಂದುಕೊಳ್ಳಬೇಡಿ. 2003ರಲ್ಲಿ ಎಸ್‌ಸಿಒ ಕಂಪನಿ ಐಬಿಎಂ ಮೇಲೆ ಮೊಕದ್ದಮೆ ಹೂಡಿತು. ತನ್ನ ಯುನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿದೆ ಅನ್ನುವುದು ಅದರ ದೂರು. ಯಾವ ಸಾಲು ಯಾರಿಂದ ಬಂತು ಅಂತ ತೋರಿಸುವ ದಾಖಲೆ ಬೇಕು ಅನ್ನುವುದು ಆಗ ಎಲ್ಲರಿಗೂ ಮನದಟ್ಟಾಯಿತು. 2004ರಲ್ಲಿ ಈ ಸಹಿಯ ಪದ್ಧತಿ ಬಂತು. ಸಹಿ ಹಾಕಿದರೆ, ಈ ಕೋಡನ್ನು ಈ ಪರವಾನಗಿಯಲ್ಲಿ ಕೊಡುವ ಹಕ್ಕು ನನಗಿದೆ ಅಂತ ನೀವು ಬರೆದುಕೊಟ್ಟಂತೆ. ಆಫೀಸಿನ ಸಮಯದಲ್ಲಿ ಬರೆದ ಕೋಡ್ ಆದರೆ ಮೊದಲು ಆಫೀಸಿನಲ್ಲಿ ಕೇಳಿ.

ಎಐ ಸಲಕರಣೆ ಬಳಸಿದ್ದರೆ ಪ್ರಾಜೆಕ್ಟಿನ ನಿಯಮ ನೋಡಿ. ಜೆಂಟೂ ಲಿನಕ್ಸ್ 2024ರಲ್ಲಿ ಅಂಥ ಕೋಡ್ ಬೇಡವೇ ಬೇಡ ಅಂತ ತೀರ್ಮಾನಿಸಿತು. ಬೇರೆ ಕಡೆ ಬೇರೆ ನಿಯಮ. ಎಲ್ಲೇ ಆಗಲಿ, ಯಾಕೆ ಹೀಗೆ ಅಂತ ಕೇಳಿದರೆ ಸ್ವತಃ ಉತ್ತರಿಸಲು ಆಗದ ಸಾಲನ್ನು ಕಳಿಸಬೇಡಿ.

ಹೆಜ್ಜೆ 6: ಯಾರಿಗೆ, ಯಾವಾಗ

ಕರ್ನಲ್‌ನಲ್ಲಿ 'ಗೆಟ್ ಮೇಂಟೇನರ್' ಅನ್ನುವ ಸ್ಕ್ರಿಪ್ಟ್‌ಗೆ ನಿಮ್ಮ ಪ್ಯಾಚ್ ಕೊಟ್ಟರೆ ಯಾರಿಗೆಲ್ಲ ಕಳಿಸಬೇಕು ಅಂತ ಪಟ್ಟಿ ಕೊಡುತ್ತದೆ. ಪ್ಯಾಚ್ ಹೋಗುವುದು ಇಮೇಲ್‌ನಲ್ಲಿ, ಸಾದಾ ಪಠ್ಯವಾಗಿ. ಅಟ್ಯಾಚ್‌ಮೆಂಟ್ ಬೇಡ. 'ಗಿಟ್ ಸೆಂಡ್ ಇಮೇಲ್' ಬಳಸಿ, ಮೊದಲು ನಿಮಗೇ ಒಮ್ಮೆ ಕಳಿಸಿಕೊಂಡು ಟ್ಯಾಬ್‌ಗಳು ಹಾಗೇ ಇವೆಯೇ ನೋಡಿ.

ಉತ್ತರ ಬರಲು 2-3 ವಾರ ಹಿಡಿಯುವುದು ಮಾಮೂಲು. ಕನಿಷ್ಠ ಒಂದು ವಾರ ಕಾಯದೆ ನೆನಪಿಸಬೇಡಿ. ಪ್ರತಿ ಆವೃತ್ತಿಯ ಕೆಲಸದ ಮೊದಲ ಎರಡು ವಾರ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಹೊಸ ಕೋಡ್ ಸೇರಿಸಿಕೊಳ್ಳುತ್ತಾರೆ, ಆಗ ಮೇಂಟೇನರ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ. ಹೊಸ ಪ್ಯಾಚ್ ಕಳಿಸುವುದನ್ನು ಅದು ಮುಗಿದ ಮೇಲೆ ಇಟ್ಟುಕೊಳ್ಳಿ.

ಹೆಜ್ಜೆ 7: ರಿವ್ಯೂ ಬಂದ ಮೇಲೆ

ಮೊದಲ ಸಲ ಹತ್ತು ತಪ್ಪು ತೋರಿಸಿದ ಉತ್ತರ ನೋಡಿದಾಗ ಮುಖ ಬಿಸಿಯಾಗುತ್ತದೆ. ಎದ್ದು ಕಾಫಿ ಕುಡಿದು ಬನ್ನಿ. ಅಷ್ಟು ಬರೆದಿದ್ದಾರೆ ಅಂದರೆ ಅವರು ಅಷ್ಟು ಹೊತ್ತು ನಿಮ್ಮ ಕೋಡ್ ಓದಿದ್ದಾರೆ ಅಂತ ಅರ್ಥ, ಅಲ್ವಾ?

ಪ್ರತಿ ಮಾತಿಗೂ ಅದರ ಕೆಳಗೇ ಉತ್ತರಿಸಿ. ಅವರ ಇಡೀ ಪತ್ರವನ್ನು ಕೆಳಗೆ ಬಿಟ್ಟು ನಿಮ್ಮ ಮಾತನ್ನೆಲ್ಲ ಮೇಲೆ ಸುರಿದರೆ ಯಾವುದಕ್ಕೆ ಯಾವುದು ಅಂತ ಹೊಂದಿಸುವ ಕೆಲಸ ಅವರ ಪಾಲಿಗೆ ಬರುತ್ತದೆ. ಒಪ್ಪಿದ್ದಕ್ಕೆ 'ಸರಿ, ಮುಂದಿನದರಲ್ಲಿ ತಿದ್ದುತ್ತೇನೆ' ಸಾಕು. ಒಪ್ಪದಿದ್ದರೆ ಕಾರಣ ಕೊಡಿ: ಅಳತೆ, ಪರೀಕ್ಷೆಯ ಫಲಿತಾಂಶ, ಅದೇ ಪ್ರಾಜೆಕ್ಟಿನ ಇನ್ನೊಂದು ಉದಾಹರಣೆ. ಶೈಲಿಯ ವಿಷಯದಲ್ಲಿ ಮಾತ್ರ ವಾದಕ್ಕೆ ಇಳಿಯಬೇಡಿ. ಅದು ಅವರ ಮನೆ, ಮುಂದೆ ಆ ಕೋಡಿನ ಜೊತೆ ಇರುವವರೂ ಅವರೇ. ಬ್ರೇಸ್ ಎಲ್ಲಿ ಬರಬೇಕು ಅಂತ ಖರ್ಚು ಮಾಡುವ ಒಂದು ಗಂಟೆಯನ್ನು ಬಗ್‌ಗೆ ಕೊಡಿ.

ತಿದ್ದಿದ್ದನ್ನು ಎರಡನೇ ಆವೃತ್ತಿ ಅಂತ ಶೀರ್ಷಿಕೆಯಲ್ಲೇ ಗುರುತು ಮಾಡಿ ಕಳಿಸಿ. ಹಿಂದಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಬರೆಯಲೇಬೇಕು. ಕರ್ನಲ್‌ನಲ್ಲಿ ಅದಕ್ಕೊಂದು ಜಾಗ ಇದೆ: ಸಹಿಯ ಕೆಳಗೆ ಬರುವ ಮೂರು ಅಡ್ಡಗೆರೆಗಳ ನಂತರ. ಅಲ್ಲಿ ಬರೆದದ್ದು ರಿವ್ಯೂ ಮಾಡುವವರಿಗೆ ಕಾಣುತ್ತದೆ, ಪ್ಯಾಚ್ ಸೇರುವಾಗ ಗಿಟ್ ಅದನ್ನು ಬಿಟ್ಟುಬಿಡುತ್ತದೆ. ಮೊದಲ ಆವೃತ್ತಿಗೆ ಯಾರಾದರೂ 'ರಿವ್ಯೂಡ್ ಬೈ' (ಓದಿ ಒಪ್ಪಿದ್ದೇನೆ ಅನ್ನುವ ಸಾಲು) ಕೊಟ್ಟಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಕೋಡ್ ತುಂಬಾ ಬದಲಾಗಿದ್ದರೆ ಮಾತ್ರ ತೆಗೆದು, ಯಾಕೆ ತೆಗೆದೆ ಅಂತ ಒಂದು ಮಾತು ಬರೆಯಿರಿ.

ಕನ್ನಡ ಅನುವಾದ ಕಳಿಸುವವರಿಗೆ

ಕನ್ನಡಿಗರಲ್ಲಿ ಅನೇಕರು ಮುಕ್ತ ತಂತ್ರಾಂಶಕ್ಕೆ ಕಾಲಿಡುವುದು ಅನುವಾದದ ಮೂಲಕ. ಅಲ್ಲಿಯೂ ಶೈಲಿಯ ಒಪ್ಪಂದ ಬೇಕು, ಯಾಕೆಂದರೆ ಬಟನ್ ಒಂದರಲ್ಲಿ 'ಉಳಿಸು', ಪಕ್ಕದ ಮೆನುವಿನಲ್ಲಿ 'ಉಳಿಸಿ' ಇದ್ದರೆ ಬಳಸುವವರಿಗೆ ಕಸಿವಿಸಿ. 'ಕಡತ' ಅನ್ನಬೇಕೋ 'ಫೈಲ್' ಅನ್ನಬೇಕೋ ಅನ್ನುವುದರಲ್ಲಿ ನಿಮಗೆ ನಿಮ್ಮದೇ ಅಭಿಪ್ರಾಯ ಇರಬಹುದು. ಆದರೆ ತಂಡ ಒಂದನ್ನು ಆರಿಸಿಕೊಂಡಿದ್ದರೆ ಅದನ್ನೇ ಬಳಸಿ. ಪದ ಬದಲಿಸಬೇಕು ಅನ್ನಿಸಿದರೆ ಅದನ್ನೇ ಬೇರೆ ಚರ್ಚೆ ಮಾಡಿ.

ಟ್ಯಾಬ್-ಸ್ಪೇಸ್ ಹಾಗೆ ಕಣ್ಣಿಗೆ ಕಾಣದ ತೊಂದರೆ ಕನ್ನಡ ಪಠ್ಯದಲ್ಲೂ ಇದೆ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಹಾಕುತ್ತೇವೆ. ಅದು ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಕಾಣುವುದಿಲ್ಲ, ಆದರೆ ಹುಡುಕಿದಾಗ ಪದ ಸಿಗದೆ ಹೋಗಬಹುದು, ಡಿಫ್‌ನಲ್ಲಿ ಸಾಲು ಬದಲಾಗಿದೆ ಅಂತ ಬರುತ್ತದೆ. 'ಕೊ' ಅಕ್ಷರದ ಸ್ವರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎರಡು ಚಿಹ್ನೆ ಜೋಡಿಸಿಯೂ ಇಡಬಹುದು. ನೋಡಲು ಎರಡೂ ಒಂದೇ. ಕಳಿಸುವ ಮುಂಚೆ ಪಠ್ಯವನ್ನು, ಜೋಡಿ ಚಿಹ್ನೆಗಳನ್ನು ಒಂದೇ ಚಿಹ್ನೆ ಮಾಡುವ ಎನ್‌ಎಫ್‌ಸಿ ಅನ್ನುವ ಯೂನಿಕೋಡ್ ರೂಪಕ್ಕೆ ತಂದರೆ ಈ ಎರಡನೆಯ ತೊಂದರೆ ಇರುವುದಿಲ್ಲ.

ಇನ್ನೊಂದು, ಅಂಕಿಗಳ ಕ್ರಮ. ಇಂಗ್ಲಿಷಿನಲ್ಲಿ 3 ಮೊದಲು, 10 ಆಮೇಲೆ. ನಾವು '10ರಲ್ಲಿ 3' ಅನ್ನುತ್ತೇವೆ. ಸಂದೇಶದಲ್ಲಿ ಅಂಕಿ ಬರುವ ಜಾಗ ತೋರಿಸಲು ಶೇಕಡಾ ಚಿಹ್ನೆಯ ಎರಡು ಗುರುತುಗಳಿದ್ದರೆ ಅವುಗಳಿಗೆ ಸ್ಥಾನದ ಸಂಖ್ಯೆ ಕೊಟ್ಟು ಅದಲು ಬದಲು ಮಾಡಬೇಕು. ಹಾಗೇ ಬಿಟ್ಟರೆ ಪರದೆಯಲ್ಲಿ '3ರಲ್ಲಿ 10' ಅಂತ ಬರುತ್ತದೆ.

ನಿಮ್ಮದೇ ಪ್ರಾಜೆಕ್ಟ್ ಆದರೆ

ಇಬ್ಬರು ಸೇರಿದ ದಿನವೇ ಶೈಲಿ ನಿಗದಿ ಮಾಡಿ. ಚರ್ಚೆಗೆ ಒಂದು ಸಂಜೆ ಸಾಕು, ಮಿಕ್ಕಿದ್ದನ್ನು ಯಂತ್ರಕ್ಕೆ ಬಿಡಿ. ಗೋ ಭಾಷೆಯವರು ಜಗಳವೇ ಬೇಡ ಅಂತ ಭಾಷೆಯ ಜೊತೆಗೇ 'ಗೋಫಮ್ಟ್' ಅನ್ನುವ ಫಾರ್ಮ್ಯಾಟರ್ ಕೊಟ್ಟರು. ಅದರ ಶೈಲಿ ಯಾರಿಗೂ ಅಚ್ಚುಮೆಚ್ಚಲ್ಲ, ಆದರೂ ಗೋಫಮ್ಟ್ ಎಲ್ಲರಿಗೂ ಅಚ್ಚುಮೆಚ್ಚು ಅಂತ ಗೋ ರೂಪಿಸಿದವರಲ್ಲೊಬ್ಬರಾದ ರಾಬ್ ಪೈಕ್ ಹೇಳಿದ್ದುಂಟು. ಪೈಥಾನ್‌ಗೆ 'ಬ್ಲ್ಯಾಕ್', ಸಿ ಭಾಷೆಗೆ 'ಕ್ಲ್ಯಾಂಗ್ ಫಾರ್ಮ್ಯಾಟ್' ಇವೆ. ಪ್ಯಾಚ್ ಬಂದ ಕೂಡಲೇ ತಾನಾಗಿ ತಪಾಸಣೆ ಆಗುವಂತೆ ಮಾಡಿ. ಸ್ಪೇಸ್ ತಪ್ಪಿದೆ ಅಂತ ಯಂತ್ರ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಹಳೆಯ ಪ್ರಾಜೆಕ್ಟಿಗೆ ಫಾರ್ಮ್ಯಾಟರ್ ತರುವುದಾದರೆ ಬಾಕಿ ಇರುವ ಪ್ಯಾಚ್‌ಗಳನ್ನು ಮೊದಲು ಇತ್ಯರ್ಥ ಮಾಡಿ. ಆಮೇಲೆ ಇಡೀ ಕೋಡನ್ನು ಒಂದೇ ಕಮಿಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಅದರಲ್ಲಿ ಬೇರೆ ಒಂದು ಸಾಲೂ ಇರಬಾರದು. ಆ ಕಮಿಟ್‌ನ ಗುರುತನ್ನು ಒಂದು ಕಡತದಲ್ಲಿ ಬರೆದಿಡಿ. 2019ರಲ್ಲಿ ಬಂದ ಗಿಟ್ 2.23ರಿಂದ, ಯಾವ ಸಾಲನ್ನು ಯಾರು ಕೊನೆಗೆ ಬದಲಿಸಿದರು ಅಂತ ತೋರಿಸುವ 'ಗಿಟ್ ಬ್ಲೇಮ್'ಗೆ ಆ ಕಡತ ತೋರಿಸಿದರೆ ಅದು ಆ ಕಮಿಟ್ ದಾಟಿ ಹಿಂದಕ್ಕೆ ಹೋಗಿ, ಸಾಲನ್ನು ನಿಜವಾಗಿ ಬರೆದವರ ಹೆಸರು ತೋರಿಸುತ್ತದೆ.

ರಿವ್ಯೂ ಮಾಡುವಾಗ ಯಾವುದು ಕಡ್ಡಾಯ, ಯಾವುದು ಬರೀ ಸಲಹೆ ಅಂತ ಬಿಡಿಸಿ ಬರೆಯಿರಿ. ಹೊಸಬರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲ್ಲವನ್ನೂ ಬೈಗುಳ ಅಂದುಕೊಳ್ಳುತ್ತಾರೆ. ಮೊದಲ ಸಲ ಕಳಿಸಿದವರ ಪ್ಯಾಚ್‌ನಲ್ಲಿ ಉಳಿದಿದ್ದು ಒಂದು ಖಾಲಿ ಸಾಲೋ ಒಂದು ಕಾಗುಣಿತವೋ ಆದರೆ ಅದಕ್ಕಾಗಿ ಇನ್ನೊಂದು ಸುತ್ತು ತಿರುಗಿಸಬೇಡಿ. ನೀವೇ ತಿದ್ದಿ ಸೇರಿಸಿ. ಕರ್ನಲ್‌ನ ಮೇಂಟೇನರ್‌ಗಳು ಹೀಗೆ ತಿದ್ದಿದಾಗ ಕಳಿಸಿದವರ ಸಹಿಯ ಕೆಳಗೆ, ತಮ್ಮ ಸಹಿಯ ಮೇಲೆ, ಏನು ತಿದ್ದಿದೆ ಅಂತ ಚೌಕ ಕಂಸದಲ್ಲಿ ಒಂದು ಸಾಲು ಬರೆಯುತ್ತಾರೆ. ಬರೆದವರ ಹೆಸರಿನ ಜಾಗದಲ್ಲಿ ಆ ಹೊಸಬರ ಹೆಸರೇ ಇರುತ್ತದೆ.